ಐವತ್ತನಾಲ್ಕು ತುಂಡು

ಮೂರು ಗೋಪುರ ಎದುರಿಗಿಟ್ಟು ಕೂತಿದ್ದೇನೆ
ಬಂದ್ಯೋಡಿನ ಲ್ಯಾಬಿನ ಮೇಲಿನ ಕೋಣೆಯಲ್ಲಿ.
ಕೆಳಗೆ ರಕ್ತ ತಿರುಗಿಸುವ ಯಂತ್ರ ನಿಂತಿದೆ,
ಕೊನೆಯ ರಿಪೋರ್ಟು ಹೋಗಿಯಾಯಿತು.
ಶನಿವಾರಕ್ಕೆ ಇನ್ನು ಎರಡೇ ದಿನ.

ಕತೆ ತಯಾರುಂಟು:
ಶಿರಿಯ ಸೇತುವೆಯ ನಡುವೆ ನಿಂತುಹೋದ ರೈಲು,
ಕರೆಂಟಿಲ್ಲದ ಬೋಗಿ,
ನಾಲ್ಕೇ ಟಿಕೇಟು, ಉಸಿರು ಮಾತ್ರ ಐದು.
ಆಡುವವರು ಸಫ್ವಾನ್, ಲವೀನಾ,
ಪೋಸ್ಟಾಫೀಸಿನ ಶ್ರೀಜಿತ್,
ಮತ್ತೆ ಯಾವುದಕ್ಕೂ ಹೆದರದ ನನ್ನ ತಂಗಿ ಚಿತ್ರಾಕ್ಷಿ.

ದಾಳ ಇಲ್ಲ ಈ ಆಟದಲ್ಲಿ.
ಬಾಗಿಲು ತೆರೆಯುತ್ತೀಯಾ? ಒಂದು ತುಂಡು ಎಳೆ.
ಸೀಟಿನಡಿ ಬಗ್ಗಿ ನೋಡುತ್ತೀಯಾ? ಇನ್ನೊಂದು.
ಎಳೆದದ್ದನ್ನು ಮೇಲಿಡು, ಉಸಿರು ಬಿಡಬೇಡ.
ಯಾರ ಬೆರಳಿಗೆ ಗೋಪುರ ಬಿತ್ತೋ
ಅವರು ಕತೆಯಲ್ಲಿ ಸತ್ತರು,
ಎದ್ದು ಹೋಗಿ ಎಲ್ಲರಿಗೂ ಚಾ ಇಡಬಹುದು.

ಬೇಗ ಬಿದ್ದರೆ ನಗೆ.
ಬೀಳದೇ ಹೋದರೆ ನಿದ್ದೆ.
ನಡುವೆ ಎಲ್ಲೋ
ಸೂಜಿ ಚರ್ಮಕ್ಕೆ ತಾಗುವ ಮುಂಚಿನ
ಅಷ್ಟು ಸಪೂರ ಹೊತ್ತು ಒಂದುಂಟು.
ದಿನಕ್ಕೆ ಮೂವತ್ತು ತೋಳಿನಲ್ಲಿ ನಾನದನ್ನು ನೋಡುತ್ತೇನೆ.
ನನಗೆ ಬೇಕಾದ್ದು ಅದು.

ಮೊದಲನೆಯದು ಕಾಸರಗೋಡು ಬಸ್‌ಸ್ಟ್ಯಾಂಡಿನ ಎದುರಿನದು,
ಇನ್ನೂರೈವತ್ತು ರೂಪಾಯಿ, ಕೆಂಪು ಹಸುರು ಹಳದಿ.
ಎಲ್ಲ ಒಂದೇ ಅಚ್ಚು, ಸಾಬೂನಿನ ಹಾಗೆ ಜಾರುತ್ತದೆ.
ಹುಟ್ಟುಹಬ್ಬಕ್ಕೆ ಆದೀತು,
ಸಾವಿಗೆ ಬಣ್ಣ ಜಾಸ್ತಿಯಾಯಿತು.

ಎರಡನೆಯದನ್ನು ಸಫ್ವಾನನ ಮಾಮ ಶಾರ್ಜಾದಿಂದ ತಂದದ್ದು.
ಕಪ್ಪು ಮರ, ವೆಲ್ವೆಟ್ಟಿನ ಪೆಟ್ಟಿಗೆ,
ಎತ್ತಿದರೆ ಮಣಿಕಟ್ಟಿಗೆ ಗೊತ್ತಾಗುವ ಭಾರ.
ಬಿದ್ದರೆ ಪಕ್ಕದ ಮನೆಯ ಮಗು ಏಳುತ್ತದೆ.
ಇಷ್ಟು ಚಂದದ್ದನ್ನು ಬೀಳಿಸಲು ಮನಸ್ಸು ಬಾರದೆ
ಕಳೆದ ಸಲ ಎಲ್ಲರೂ ಬದುಕಿಕೊಂಡರು.
ಅಂಥ ಬೇಸರದ ರಾತ್ರಿ ಮತ್ತೊಂದಿಲ್ಲ.

ಮೂರನೆಯದು ಪುರಂದರ ಆಚಾರಿಗಳದ್ದು.
ಮೂರು ಮನೆಯ ಬಾಗಿಲ ದಾರಂದ ಮಾಡಿ ಉಳಿದ
ಹಲಸು, ಭೋಗಿ, ಒಂದೆರಡು ಮಾವು.
ಕೇಳಿದಾಗ ಮುಖ ಸಣ್ಣ ಮಾಡಿದ್ದರು:
"ಬೀಳ್ಲಿಕ್ಕೆ ಅಂತಲೇ ಮಾಡುದಾ ಮಾರಾಯ್ತಿ?
ನಲವತ್ತು ವರ್ಷ ಅಲ್ಲಾಡದ ಹಾಗೆ ಕೂಡಿಸಿದ ಕೈ ಇದು."
ಆಮೇಲೆ, ರಂಪದ ಮೇಲೆ ಕಣ್ಣಿಟ್ಟು, ಮೆಲ್ಲಗೆ:
"ದೆವ್ವ ಯಾವ ಸ್ಟೇಷನ್ನಿನಲ್ಲಿ ಹತ್ತಿದ್ದು?"

ಇವತ್ತು ಸಂಜೆ ಅವರೇ ತಂದುಕೊಟ್ಟರು,
ಹಳೆಯ ಅಕ್ಕಿ ಚೀಲದಲ್ಲಿ.
ಹದಿನೆಂಟು ಸಾಲು ಅವರೇ ಜೋಡಿಸಿದರು.
ಒಂದು ತುಂಡು ನೂಲಿನಷ್ಟು ದಪ್ಪ,
ಇನ್ನೊಂದು ನೂಲಿನಷ್ಟು ತೆಳು;
ಯಾವುದು ಬಿಗಿ, ಯಾವುದು ಸಡಿಲ,
ನೋಡಿದರೆ ತಿಳಿಯದು, ಮುಟ್ಟಿದರೆ ಮಾತ್ರ.
ನರ ಹುಡುಕಿದ ಹಾಗೆ.

"ಒಂದು ಎಳೆಯಿರಿ" ಎಂದೆ, ತಮಾಷೆಗೆ.

ಬಲಗೈ ಚಾಚಿದರು.
ತುದಿಬೆರಳು ಮರಕ್ಕೆ ತಾಗುವ ಮೊದಲೇ
ಗಾಳಿಯಲ್ಲಿ ಅದು ಹೊಲಿಗೆ ಹಾಕುತ್ತಿತ್ತು,
ನಿಲ್ಲದೆ, ಹೆದರಿಕೆಯ ಯಾವ ಕಾರಣವೂ ಇಲ್ಲದೆ.
ಗರಗಸಕ್ಕೆ ಅಳತೆ ತಪ್ಪಿದ್ದು ಹೇಗೆಂದು
ಆಗ ನನಗೆ ಗೊತ್ತಾಯಿತು.
ನನಗೆ ಗೊತ್ತಾದ್ದು ಅವರಿಗೂ.

ತುಂಡು ಬಂತು. ಗೋಪುರ ನಿಂತಿತು.
ಅದನ್ನು ಮೇಲಿಡಲಿಲ್ಲ ಅವರು;
ಕೈಯ ಸಮೇತ ಬೈರಾಸಿನೊಳಗೆ ಮುಚ್ಚಿಕೊಂಡು
"ಮಳೆಗಾಲಕ್ಕೆ ಉಬ್ಬುತ್ತದೆ, ಬಿಸಿಲಿಗಿಡು" ಎಂದರು.
"ಸೋಮವಾರ ಬನ್ನಿ," ಎಂದೆ ನಾನು,
"ಖಾಲಿ ಹೊಟ್ಟೆಯಲ್ಲಿ. ಶುಗರು ನೋಡುವ."
ಇಬ್ಬರಿಗೂ ಗೊತ್ತಿತ್ತು, ಶುಗರಲ್ಲ.
ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡರು.

ಎರಡು ಪೆಟ್ಟಿಗೆ ಕಪಾಟಿಗೆ ಸೇರಿಸಿದೆ.
ಶನಿವಾರ ಬೀಳುತ್ತದೆ ಇದು, ಯಾರದೋ ಬೆರಳಿಗೆ.
ಆಗ ಲವೀನಾ ಯೇಸುವನ್ನು ಕೊಂಕಣಿಯಲ್ಲಿ ಕರೆಯುತ್ತಾಳೆ,
ಶ್ರೀಜಿತ್ ಅಮ್ಮನನ್ನು ಮಲಯಾಳದಲ್ಲಿ,
ಹೆದರದ ಚಿತ್ರಾಕ್ಷಿ ತುಳುವಿನಲ್ಲಿ ಬಯ್ಯುತ್ತಾಳೆ ನನ್ನನ್ನು.

ಈಗ ಮಂಗಳೂರಿನ ರೈಲು ಹಾದುಹೋಗುತ್ತಿದೆ,
ಮೇಜು ನಡುಗುತ್ತಿದೆ, ಗ್ಲಾಸಿನ ನೀರು ಕೂಡ.
ಎರಡು ಸಲ ಎಣಿಸಿದೆ.
ಐವತ್ತಮೂರು.