ಕೋಲು ನಡೆದಷ್ಟು

ಮೊದಲು ಫ್ಯೂಜು ಕಿತ್ತು ಅಂಗಿಯ ಕಿಸೆಗೆ ಇಳಿಸಿದ ದಾವಲಸಾಬ,
ಬೀಡಿಕಟ್ಟಿನ ಪಕ್ಕ.
ಸ್ವಿಚ್ಚು ನಂಬಬ್ಯಾಡ ಗಂಗಮಾಳೀ, ಅಂದ,
ಯಾರರ ಹುಡುಗ್ರು ಬಂದು ಒತ್ತಿದ್ರ
ಸಾಗವಾನಿ ಯಾವುದು, ಬೆರಳು ಯಾವುದು
ಈ ಮಷೀನಿಗೆ ಗೊತ್ತಾಗಂಗಿಲ್ಲ.

ಬೆಟಗೇರಿಯ ರೈಲ್ವೆ ಗೇಟಿನಾಚೆ ನಮ್ಮ ತಗಡಿನ ಶೆಡ್ಡು.
ಅಪ್ಪ ಹುಬ್ಬಳ್ಳಿ ಗುಜರಿಯಿಂದ ಲಾರಿಗೆ ಹೇರಿ ತಂದ
ಬಟಾಲಾದ ಹಸಿರು ರಂದಾ ಮಷೀನು.
ಮೂರು ದಿನದಿಂದ ಹಲಿಗಿಯ ಮೇಲೆ ತೆರೆ ಮೂಡುತ್ತಿದ್ದವು.
ಶಾಕಂಬರಿ ಟೀಚರು ಬಂದು ಅಂಗೈ ಆಡಿಸಿ
ಇದು ಬಾಗಿಲೋ ಪತ್ರಾಸೋ, ಅಂದು ಹೋಗಿದ್ದರು.

ಹಳೆಯ ಬ್ಲೇಡು ಬಿಚ್ಚಿದೆವು. ಬೆಣೆಯ ಸಂದಿಯಲ್ಲಿ
ಅಂಟು, ಹೊಟ್ಟು, ಯಾರದೋ ಮದುವೆಯ ಮಂಚದ ಸಿಪ್ಪೆ.
ಸೀಮೆಎಣ್ಣೆ ಬಟ್ಟೆಯಿಂದ ನಾ ಒರೆಸಿದೆ.
ಅವ ಮತ್ತೆ ಒರೆಸಿದ.
ಒಂದು ಹೊಟ್ಟಿನ ಎಳಿ ಉಳಿದ್ರೂ
ಬ್ಲೇಡು ಅದರ ಮ್ಯಾಲೆ ಕುಂತು ಗೌಡಕಿ ಮಾಡತೈತಿ.

ಆಮೇಲೆ ಕೋಲು.
ಗೇಜು, ಗಡಿಯಾರದಂಥ ಮುಳ್ಳು, ಏನೇನೋ ಇದ್ದಾವೆಂದು ನಾ ಕಾದಿದ್ದೆ;
ಅವನ ಚೀಲದಿಂದ ಬಂದದ್ದು ಮೊಳದುದ್ದದ ಹೊನ್ನೆಯ ಪಟ್ಟಿ,
ಎಳ್ಳಷ್ಟೂ ಡೊಂಕಿಲ್ಲ, ಮೈತುಂಬ ಪೆನ್ಸಿಲ್ಲಿನ ಗೀರು.
ಹಲಿಗಿ ಹೊರಬೀಳುವ ಕಡೆಯ ಮೇಜಿನ ಮೇಲೆ ಅದನ್ನು ಮಲಗಿಸಿ
ಉರುಳೆಯನ್ನು ಕೈಯಿಂದಲೇ ತಿರುವಿದ, ಮೆಲ್ಲಗೆ,
ನಿದ್ದೆಯ ಕೂಸಿನ ತಲೆ ಹೊರಳಿಸುವ ಹಾಗೆ.

ಬ್ಲೇಡು ಬಂತು, ಕೋಲಿನ ಹೊಟ್ಟೆ ಹಿಡಿಯಿತು,
ಒಂದಿಷ್ಟು ಒಯ್ದು ಬಿಟ್ಟಿತು.
ಗೀರು.
ಜ್ವಾಳದ ಕಾಳಿನಷ್ಟು ನಡೀತು ನೋಡು.
ಆ ತುದೀಗೂ ಇಷ್ಟ, ಈ ತುದೀಗೂ ಇಷ್ಟ, ಮೂರೂ ಬ್ಲೇಡಿಗೆ ಇಷ್ಟ.

ಎರಡನೆಯದೂ ಜೋಳದಷ್ಟೇ.
ಮೂರನೆಯದು ಬಂತು, ಹೋಯಿತು;
ಕೋಲು ಮಿಸುಕಲಿಲ್ಲ.

ನನಗೆ ನೆನಪಾದದ್ದು ನಮ್ಮ ಮೂವರು ಕಾಕಾಗಳು,
ಅದರಲ್ಲೂ ಸಣ್ಣ ಕಾಕಾ. ಬಾಯಿಬಿಟ್ಟು ಹೇಳಿಯೂಬಿಟ್ಟೆ.
ದಾವಲಸಾಬ ತಲೆ ಎತ್ತಲಿಲ್ಲ.
ಮನಿಶ್ಯಾರನ್ನ ಆಮ್ಯಾಲೆ ನೋಡೂಣು,
ಮೊದಲ ಹನ್ನೆರಡು ನಂಬರಿನ ಪಾನಾ ಕೊಡು.

ನಡುವಿನ ಬೋಲ್ಟು ತುಸು, ಅದರ ಎಡಕ್ಕೆ ತುಸು, ಬಲಕ್ಕೆ ತುಸು,
ಮತ್ತೆ ನಡುವಿಗೆ ಬರಬೇಕು. ನಾ ಒಂದನ್ನೇ ಪೂರಾ ಬಿಗಿದೆ.
ಕೋಲು ಇಟ್ಟರೆ ಎರಡು ಜೋಳ ನಡೆಯಿತು.
ಬಿಗಿಯುವಾಗಲೇ ಏಳುತ್ತದಂತೆ ಬ್ಲೇಡು.
ಬಿಚ್ಚಿದೆ. ಬಿಗಿದೆ. ಬಿಚ್ಚಿದೆ.
ಹುಬ್ಬಳ್ಳಿ ಪ್ಯಾಸೆಂಜರು ಹೋಯಿತು;
ಶೆಡ್ಡು ನಡುಗುವಷ್ಟು ಹೊತ್ತು
ಅವ ಕೋಲಿನ ಮೇಲೆ ಅಂಗೈ ಇಟ್ಟುಕೊಂಡು ಕುಂತ, ಮಾತಿಲ್ಲದೆ.

ಏಳನೆಯ ಸಲವೋ ಎಂಟನೆಯದೋ
ಜೋಳ, ಜೋಳ, ಜೋಳ.
ಕೋಲು ನನ್ನ ಕೈಗೆ ಕೊಟ್ಟ:
ಇನ್ನೊಮ್ಮೆ ನೀನ ನೋಡು, ನಾ ಹೊಂಟೆ.

ಸಾಗವಾನಿ ಎತ್ತಿ ಮೇಜಿಗಿಟ್ಟೆ. ಸ್ವಿಚ್ಚು ಒತ್ತಿದೆ.
ಏನಿಲ್ಲ.
ಕರೆಂಟು ಹೋಯಿತೇನೆಂದು ಪಕ್ಕದ ಗಿರಣಿಗೆ ಕಿವಿಗೊಟ್ಟೆ,
ಅಲ್ಲಿ ಖಾರ ಕುಟ್ಟುವ ಸದ್ದು ನಡೆದೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಅವನ ಓಣಿ ಕೇಳಿಕೊಂಡು ಹೋದರೆ
ಹಜರತಬೀ ಬಾಗಿಲಲ್ಲೇ ನಿಂತಿದ್ದಳು,
ಒದ್ದೆ ಕೈಯಲ್ಲಿ ಪಿಂಗಾಣಿಯ ಬಿಳಿ ಫ್ಯೂಜು.
ಅಂಗಿ ನೆನಿ ಇಡಾಕ ಹೋಗಿದ್ನಿ ತಂಗೀ, ಕೈಗೆ ಹತ್ತಿತು.
ಯಾರರ ಬರತಾರ ಅಂತ ನಿಂತಿದ್ನಿ,
ವಾರಕ್ಕೊಬ್ಬರು ಬರತಾರ.

ಒಳಗಿನಿಂದ ಕೆಮ್ಮು, ಅದರ ಹಿಂದೆ ಅವನ ದನಿ:
ಕೋಲು ತಂದೀಯಿಲ್ಲೋ?

ಕೋಲು ಅಲ್ಲೇ ಮೇಜಿನ ಮೇಲಿತ್ತು.