ವಾಯ್ದೆ

ಮೊದಲು ಗೋಡೆಗಳನ್ನು ಆರಿಸಿದೆ.
ಬಳ್ಳಾರಿಯ ಮೇ ತಿಂಗಳು, ರಾತ್ರಿ ಹನ್ನೊಂದಕ್ಕೂ
ತಾರಸಿ ಕಾದ ಹಂಚು.
ಚಾಪೆಯ ತುಂಬ ಕಾರ್ಡು ಹರವಿಕೊಂಡು ಕೂತಿದ್ದೆ;
ಫ್ಯಾನು ಹಾಕಿದರೆ ಅವು ಹಾರುತ್ತವೆ,
ಹಾಕದಿದ್ದರೆ ನಾನು ಬೇಯುತ್ತೇನೆ.
ಬೆಂದೆ.

ಅರವತ್ತರ ಕಟ್ಟು.
ಉಪ್ಪಿನ ಗೋಡೆ, ಮುಳ್ಳಿನ ಗೋಡೆ,
ಕುದುರೆ ತುಳಿದರೂ ಕತ್ತು ಹೊರಗೆ ಹಾಕದ ಆಮೆ ನಾಲ್ಕು.
ಮಂಜು ಎಂಟು: ಮಂಜು ಬಿದ್ದ ಸರದಿಯಲ್ಲಿ
ಯಾರೂ ಯಾರನ್ನೂ ಹೊಡೆಯುವಂತಿಲ್ಲ.
ಗಾಯ ಮಾಯಿಸುವ ಮುದುಕಿಯರು ಮೂವರು,
ಒಬ್ಬಳ ಮೂಲೆ ಹರಿದು ಸೆಲ್ಲೋಟೇಪು ಹಚ್ಚಿದೆ.
ಮತ್ತೆ ಬಾವಿ, ಒಂದೇ ಒಂದು,
ಸತ್ತವರನ್ನು ಕಟ್ಟಿನ ತಳಕ್ಕೆ ಸೇರಿಸುವಂಥದು.
ಆ ಒಂದಕ್ಕೆ ಎರಡು ಡ್ರ್ಯಾಗನ್ ಕೊಟ್ಟೆ ಯರ್ರಿಸ್ವಾಮಿಗೆ;
ಇವತ್ತಿಗೂ ನನ್ನನ್ನು ನೋಡಿದರೆ ನಗುತ್ತಾನೆ.

ಕೊಲ್ಲುವ ಕಾರ್ಡು ಒಂದೂ ಇಲ್ಲ.
ಗೆಲ್ಲುವುದು ಹೇಗೆ? ಗೆಲ್ಲುವುದಿಲ್ಲ.
ಎದುರಿನವನು ಎಳೆಯಲು ಕೈ ಚಾಚಿದ ದಿನ
ಅವನ ಕಟ್ಟು ಖಾಲಿಯಾಗಿರಬೇಕು.
ಅಲ್ಲೀತನಕ ನಾನು ಇರಬೇಕು, ಅಷ್ಟೇ.

ಹಗಲು ಕೋರ್ಟಿನಲ್ಲಿ
ಸೀನಿಯರ್ ಸಾಹೇಬರ ಕರೀಕೋಟಿನ ಹಿಂದೆ
ನಾನು ಇನ್ನೊಂದು ಕರೀಕೋಟು.
"ವಾದ ಮಾಡೋನು ದಡ್ಡ, ವಾಯ್ದೆ ತಗೊಳ್ಳೋನು ವಕೀಲ"
ಅನ್ನುತ್ತಾರೆ, ಮಿರ್ಚಿಯ ತೊಟ್ಟು ಹಿಡಿದುಕೊಂಡು.
ಸಾಕ್ಷಿಗೆ ಕಾಮಾಲೆ, ವಾಯ್ದೆ.
ನಕ್ಷೆ ಸರ್ವೆ ಆಫೀಸಿನಲ್ಲಿ, ಸರ್ವೆಯರು ಹೊಸಪೇಟೆಯಲ್ಲಿ,
ವಾಯ್ದೆ.
"ಕಾಲಾವಕಾಶ ಕೋರುತ್ತೇನೆ ಸ್ವಾಮಿ":
ಆರು ವರ್ಷದಲ್ಲಿ ನಾನು ಎದ್ದು ನಿಂತು ಆಡಿದ ಮಾತು
ಇದೊಂದೇ.
ನಿದ್ದೆಯಲ್ಲೂ ಅಂದೆನಂತೆ, ಹೆಂಡತಿ ಹೇಳಿದಳು.

ಭಾನುವಾರ, ಪಂಪಾಪತಿಯ ಜೆರಾಕ್ಸ್ ಅಂಗಡಿ.
ಮೆಷೀನಿನ ಹಿಂದೆ ಎರಡು ಟೇಬಲ್ಲು, ಬಿಸಿ ಕಾಗದದ ವಾಸನೆ.
ಹದಿಮೂರರ ಗಾದಿಲಿಂಗ ಬೆಂಕಿಯ ಕಟ್ಟು ತಂದಿದ್ದ.
ಮೂರನೇ ಸರದಿಗೇ ಡ್ರ್ಯಾಗನ್. ಮಂಜು ಹಾಕಿದೆ.
ಐದಕ್ಕೆ ಇನ್ನೊಂದು. ಆಮೆ ಇಟ್ಟೆ.
ಆಮೆ ಸತ್ತಿತು. ಬಾವಿಗೆ ಇಳಿಸಿದೆ, ತಳದಲ್ಲಿ ಕಾಯಲಿ.
ಸುತ್ತ ನಿಂತ ಹುಡುಗರು ಮೊದಲು ನಕ್ಕರು,
ಆಮೇಲೆ ಆಕಳಿಸಿದರು,
ಒಬ್ಬ ಹೋಗಿ ಒಗ್ಗರಣೆ ತಿಂದು ಕೈ ತೊಳೆದು ಬಂದ,
ನಾವಿನ್ನೂ ಅಲ್ಲೇ.
ಗಾದಿಲಿಂಗ ಕೊನೆಯದನ್ನು ಎಳೆದ. ಬೆಂಕಿಯೇ.
ನನ್ನದು ಮಂಜೇ.
ಮತ್ತೆ ಅವನ ಸರದಿ. ಚಾಚಿದ ಬೆರಳಿಗೆ
ಬರೀ ಟೇಬಲ್ಲು ತಾಗಿತು.

"ಅಂಕಲ್, ನೀವು ಆಡ್ಲಿಲ್ಲ. ನನ್ನೂ ಆಡಾಕ ಬಿಡ್ಲಿಲ್ಲ."
ಅಳಲಿಲ್ಲ ಹುಡುಗ. ಡ್ರ್ಯಾಗನ್ನುಗಳನ್ನು ಒಂದೊಂದೇ
ಕವರಿಗೆ ಸೇರಿಸಿದ.
ನನಗೆ ಬಹುಮಾನ, ಒಡೆಯದ ಪೊಟ್ಟಣ ಒಂದು.

ಸೋಮವಾರ ಜವಾನ ಮೂರು ಸಲ ಕೂಗಿದ:
ಹುಲಿಗೆಮ್ಮಾ, ಮೋಕಾ ಹುಲಿಗೆಮ್ಮಾ, ಹುಲಿಗೆಮ್ಮಾ.
ಇಪ್ಪತ್ತು ಅಡಿ ಮೂವತ್ತು ಅಡಿ ಜಾಗದ ವಾದಿ.
ಪ್ರತಿ ವಾಯ್ದೆಗೂ ಸ್ಟೀಲು ಡಬ್ಬಿ ಹಿಡಿದು ಬಂದು
ಬೇವಿನ ಬುಡದಲ್ಲಿ ಕೂರುತ್ತಿದ್ದಳು;
ಒಮ್ಮೆ, ಬಿಸಿಲು ಬಾಳ ಐತೆಪ್ಪ ಅಂತ,
ಎದುರು ಪಾರ್ಟಿಯ ವಕೀಲನೆಂಬುದು ಗೊತ್ತಿದ್ದೂ
ನನ್ನ ಕೈಗೆ ನಿಂಬೆಹಣ್ಣು ಇಟ್ಟಿದ್ದಳು.
ಅವಳ ವಕೀಲರು ಎದ್ದರು: "ವಾದಿ ತೀರಿಕೊಂಡಿದ್ದಾರೆ,
ವಾರಸುದಾರರನ್ನು ತರಲು
ಕಾಲಾವಕಾಶ ಕೋರುತ್ತೇನೆ ಸ್ವಾಮಿ."
ನನ್ನದೇ ಮಾತು, ಬೇರೆ ಬಾಯಲ್ಲಿ.
ಸಾಹೇಬರು ಮೆಲ್ಲಗೆ ನನ್ನ ತೊಡೆ ತಟ್ಟಿದರು.

ರಾತ್ರಿ ಚಾಪೆ ಹಾಸಿ ಕಟ್ಟು ಬಿಚ್ಚಿದೆ.
ಒಂದು ಮಂಜು ತೆಗೆದು ಪಕ್ಕಕ್ಕಿಟ್ಟೆ.
ಅದರ ಜಾಗಕ್ಕೆ ಯಾವುದನ್ನು ಹಾಕಬೇಕೆಂದು
ಇನ್ನೂ ತಿಳಿದಿಲ್ಲ.
ಪೊಟ್ಟಣ ಒಡೆದಿಲ್ಲ.
ಐವತ್ತೊಂಬತ್ತರ ಕಟ್ಟು ಆಟಕ್ಕೆ ನಡೆಯುವುದಿಲ್ಲ.
ಭಾನುವಾರಕ್ಕೆ ಇನ್ನೂ ಆರು ದಿನ ಇದೆ.