ಉಪ್ಪು ಇಳಿಸಿದ ದಿನಗಳು

ಮುಹರ್ರಕ್‌ನ ಆ ಮನೆಯ ಹಜಾರದಲ್ಲಿ
ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ.
ಐದು ಮೀನು. ನೀಲಿಯದೊಂದು
ಬಂಡೆಗೆ ಮೈ ಉಜ್ಜಿಕೊಳ್ಳುತ್ತಿತ್ತು,
ದನ ಕಂಬಕ್ಕೆ ಉಜ್ಜಿಕೊಳ್ಳುವ ಹಾಗೆ.

ಟಾರ್ಚು ಹಾಕಿ ನೋಡಿದೆ.
ರೆಕ್ಕೆಯ ಮೇಲೆ ಏಳು, ಕಣ್ಣಿನ ಹತ್ತಿರ ಎರಡು
ಪುಡಿಯುಪ್ಪು ಉದುರಿಸಿದಂಥ ಬಿಳಿ ಚುಕ್ಕೆ.

ಈ ಜಾತಿಯೇ ಹೀಗೆ.
ನೀರು ತುಸು ಬಿಸಿಯಾದರೆ ಮುನಿಸು,
ಪಕ್ಕದವನು ಬಾಲ ಬೀಸಿದರೆ ಮುನಿಸು,
ಮುನಿದರೆ ಮೈತುಂಬ ಚುಕ್ಕೆ.

ಅರವತ್ತು ದಿನಾರು ಕೊಟ್ಟಿದ್ದ ಫವಾಜ್
ಗಡಿಯಾರ ನೋಡುತ್ತ ಹೇಳಿದ,
‘ಮದ್ದು ಹಾಕು. ಇಲ್ಲೇ. ಈಗಲೇ.’
ತಾಮ್ರ ಹಾಕಬಹುದು ಸಾರ್. ಆದರೆ ತಾಮ್ರಕ್ಕೆ
ಹುಳ ಯಾವುದು ಹವಳ ಯಾವುದು ತಿಳಿಯುವುದಿಲ್ಲ;
ಸಿಗಡಿ, ಶಂಖದ ಹುಳು, ಆ ಊದಾ ಹವಳ
ನಾಳೆ ಬೆಳಗಿಗೆ ಮುಗಿದವು ಅಂತ ತಿಳಿಯಿರಿ.

ಮರ್ಲಿನ್ ಇಸ್ತ್ರಿ ಹಾಕುವ ಕೋಣೆಯಲ್ಲಿ
ಬೇರೆ ತೊಟ್ಟಿ ಇಟ್ಟೆ. ಮರಳಿಲ್ಲ, ಬಂಡೆಯಿಲ್ಲ,
ಅಡಗಿಕೊಳ್ಳಲು ಎರಡು ತುಂಡು ಪೈಪು, ಒಂದು ಸ್ಪಂಜು.
ನಾನು ಈ ದೇಶಕ್ಕೆ ಇಳಿದಾಗಲೂ ಹೀಗೇ:
ಎದೆಯ ಫೋಟೋ, ತೋಳಿನ ರಕ್ತ,
ಕಾಗದ ಬರುವವರೆಗೆ ಬರಿಗೋಡೆಯ ಕೋಣೆ.

ಗಂಗೊಳ್ಳಿಯಿಂದ ಅಕ್ಕ ಫೋನು ಮಾಡಿದಳು.
ಬುಟ್ಟಿಯೆದುರು ಕೂತೇ ಮಾತಾಡುವವಳು.
‘ಮೀನಿಗ್ ಮದ್ದಾ? ಹ್ವಾಯ್, ತಲೆ ಸಮ ಇತ್ತಾ ನಿಂಗೆ?
ಐಸ್ ಹಾಕ್, ಸಮ ಆತ್ತ್.’
ಹಿಂದೆ ಯಾರೋ ಬಂಗುಡೆಯ ರೇಟು ಕೇಳುತ್ತಿದ್ದರು.

ನಾಲ್ಕನೇ ದಿನ ಚುಕ್ಕೆ ಮಾಯ. ಫವಾಜ್ ಕುಣಿದ,
‘ವಾಸಿಯಾಯಿತು, ಒಯ್ದು ಬಿಡು.’
ಅಲ್ಲ ಸಾರ್, ಆ ಹುಳದ ಆಟವೇ ಅದು.
ಮೈಬಿಟ್ಟು ಕೆಳಗಿಳಿಯುತ್ತೆ, ಗೂಡು ಕಟ್ಟುತ್ತೆ,
ಒಂದು ಹೋಗಿ ನೂರಾಗಿ ನಸುಕಿನ ಕತ್ತಲಲ್ಲಿ
ಮೀನು ನಿದ್ದೆಯಲ್ಲಿರುವಾಗ ಏರಿ ಬರುತ್ತೆ.
ದೊಡ್ಡ ತೊಟ್ಟಿ ಎಪ್ಪತ್ತಾರು ದಿನ ಖಾಲಿಯಿರಬೇಕು,
ಹತ್ತಲು ಮೈ ಸಿಗದೆ ಅವು ಸಾಯುವವರೆಗೆ.
ಇಲ್ಲಿ, ಈ ಚಿಕ್ಕದರಲ್ಲಿ, ಉಪ್ಪು ಇಳಿಸುತ್ತೇನೆ
ಮೂವತ್ತೈದರಿಂದ ಹನ್ನೆರಡಕ್ಕೆ.
ಮೀನು ತಡೆಯುತ್ತೆ, ಹುಳ ಒಡೆದುಹೋಗುತ್ತೆ.

‘ಕಡಲ ಮೀನಿಗೆ ಸಪ್ಪೆ ನೀರೇ!’
ಅವನು ನಂಬಲಿಲ್ಲ. ನಂಬಿದವಳು ಅವನ ಅಜ್ಜಿ,
ಮೋಝಾ, ಗಾಲಿಕುರ್ಚಿಯಲ್ಲಿ ಬಾಗಿಲವರೆಗೆ ಬಂದು
ಅರಬಿಯಲ್ಲಿ ನಿಧಾನವಾಗಿ, ನನಗೆ ತಿಳಿಯಲೆಂದು:
ಕಡಲ ತಳದಲ್ಲೇ ಸಿಹಿನೀರಿನ ಬುಗ್ಗೆಯಿತ್ತು ಮೊದಲು.
ಅಪ್ಪ ಚರ್ಮದ ಚೀಲ ಹಿಡಿದು ಮುಳುಗುತ್ತಿದ್ದ,
ಉಪ್ಪಿನ ಕೆಳಗಿಂದ ಕುಡಿಯುವ ನೀರು ತರುತ್ತಿದ್ದ.
ಈಗ ಬತ್ತಿದೆ. ಮೀನಿಗಾದರೂ ಸಿಗಲಿ.

ಆಮೇಲೆ ಕೆಲಸ ಅಂದರೆ ಬರೀ ಕಾವಲು.
ಬೆಳಿಗ್ಗೆ ಒಂದು ಹನಿ ಗಾಜಿನ ಮೇಲಿಟ್ಟು ಗೆರೆ ನೋಡು,
ಸಂಜೆ ಮತ್ತೆ ನೋಡು. ಆವಿಯಾದಷ್ಟು ಸಿಹಿನೀರು ತುಂಬು,
ಒಂದು ಗೆರೆ ಹೆಚ್ಚಾದರೆ ಅಷ್ಟು ದಿನದ್ದೂ ದಂಡ.
ಪಾಚಿಯ ಹಾಳೆ ಬೆಳ್ಳುಳ್ಳಿ ರಸದಲ್ಲಿ ಅದ್ದಿ ಕೊಟ್ಟೆ;
ಬೆಳ್ಳುಳ್ಳಿ ರೋಗಕ್ಕೆ ಮದ್ದೋ ಅಲ್ಲವೋ ಗೊತ್ತಿಲ್ಲ,
ವಾಸನೆಗೆ ಬಂದು ತಿಂದಿತು, ಅಷ್ಟು ಸಾಕು.
ಮರ್ಲಿನ್ ಅಂಗಿ ಮಡಿಸುತ್ತ ಅದರ ಜೊತೆ
ತಗಾಲಾಗ್‌ನಲ್ಲಿ ಏನೇನೋ ಹೇಳಿಕೊಳ್ಳುತ್ತಿದ್ದಳು.
ಒಂದು ಕೋಡಂಗಿ ಮೀನು ಸತ್ತಿತು, ಹದಿನಾರನೇ ದಿನ.
ಯಾಕೆಂದು ಇನ್ನೂ ತಿಳಿದಿಲ್ಲ.

ಎಪ್ಪತ್ತೇಳನೇ ಬೆಳಿಗ್ಗೆ ನಾಲ್ಕನ್ನೂ ದಾಟಿಸಿದೆ.
ಅಷ್ಟರಲ್ಲಿ ಉಪ್ಪು, ದಿನಕ್ಕಿಷ್ಟೇ ಎಂದು ಏರಿಸಿ,
ಮತ್ತೆ ಮೂವತ್ತೈದು.
ನೀಲಿ ಮೀನು ಬಂಡೆಯ ಸಂದಿಗೆ ನುಗ್ಗಿತು,
ಗಂಟೆಗಟ್ಟಲೆ ಹೊರಗೆ ಬರಲಿಲ್ಲ.
ಅಜ್ಜಿ ಕಾಯುತ್ತ ಕೂತಿದ್ದಳು. ಫವಾಜ್ ಊರಲ್ಲಿರಲಿಲ್ಲ.

ಅಪ್ಪ ನೀರು ನೆಕ್ಕಿ ಅಳಿವೆ ಎಷ್ಟು ದೂರ ಅನ್ನುತ್ತಿದ್ದ.
ನಾನೂ ಬೆರಳದ್ದಿ ನೆಕ್ಕಿದೆ. ಉಪ್ಪು.
ಅದಕ್ಕಿಂತ ಹೆಚ್ಚೇನೂ ಹೊಳೆಯಲಿಲ್ಲ.

ವ್ಯಾನಿನಲ್ಲಿ ಬಕೆಟ್ಟು ಇಟ್ಟು ಬಾಗಿಲೆಳೆಯುವಾಗ
ಒಳಗಿಂದ ಮುದುಕಿ ಕೂಗಿದಳು:
ಬಂತು, ಬಂತು, ತಿನ್ನುತ್ತಿದೆ.
ರಿಫಾದಲ್ಲಿ ಇನ್ನೊಂದು ತೊಟ್ಟಿಯಿತ್ತು ಹನ್ನೊಂದಕ್ಕೆ.
ಆದರೂ ಚಪ್ಪಲಿ ಬಿಟ್ಟು ಒಳಗೆ ಹೋದೆ.